ಮಹಾಮಾರಿಗಳ ಸಾವಿನ ಲೆಕ್ಕ: ಚಾರ್ಟ್ ಬರೆಯುವ ಮುನ್ನ

ಮೈಸೂರಿನ ಕುವೆಂಪುನಗರದ ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಮಹಾಮಾರಿಗಳ ಮೇಲೆ ನಾಲ್ಕು ಚಾರ್ಟ್ ಇದ್ದವು, ನಾಲ್ಕರಲ್ಲೂ ಒಂದೇ ಎಡವಟ್ಟು. 1918ರ ಫ್ಲೂಗೆ 5 ಕೋಟಿ, ಪಕ್ಕದಲ್ಲೇ ಕೋವಿಡ್‌ಗೆ 70 ಲಕ್ಷ. ಮೊದಲನೆಯದು ಅಂದಾಜು, ಎರಡನೆಯದು ಸರ್ಕಾರಗಳು ಬರೆದುಕೊಂಡ ಲೆಕ್ಕ. ಒಬ್ಬರ ರಾಗಿಯನ್ನು ಸೇರಿನಲ್ಲಿ ಅಳೆದು, ಇನ್ನೊಬ್ಬರದನ್ನು ಕೆಜಿಯಲ್ಲಿ ತೂಗಿ, ಯಾರದ್ದು ಜಾಸ್ತಿ ಅಂತ ಕೇಳಿದ ಹಾಗಾಯ್ತು ಅಲ್ವಾ?

1. ಐದು ಮಹಾಮಾರಿ ಸಾಕು. 1346–53ರ ಕಪ್ಪು ಸಾವು (ಯುರೋಪನ್ನು ಬಡಿದ ದೊಡ್ಡ ಪ್ಲೇಗ್), 1918ರ ಫ್ಲೂ, ಎಚ್‌ಐವಿ, ಕೋವಿಡ್. ಜೊತೆಗೆ 1896ರಲ್ಲಿ ಮುಂಬೈಗೆ ಬಂದಿಳಿದ ಪ್ಲೇಗ್. ಮೈಸೂರಿನವರು ಇದನ್ನು ಬಿಡಬಾರದು. ಇಲಿ ಸತ್ತು ಬಿತ್ತು ಅಂದರೆ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು. 1903ರಲ್ಲಿ ಇಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಹುಟ್ಟಿದ್ದು ಆ ಏಟು ತಿಂದ ಮೇಲೆ. ಭಾರತದಲ್ಲಿ ಆ ಪ್ಲೇಗ್‌ಗೆ ಸತ್ತವರು ಸುಮಾರು 1.2 ಕೋಟಿ.

2. ಮಿಲಿಯನ್ ಅಂದರೆ 10 ಲಕ್ಷ. 50 ಮಿಲಿಯನ್ ಕಂಡರೆ 5 ಕೋಟಿ ಎಂದು ಬರೆಯಿರಿ, 50 ಲಕ್ಷ ಅಲ್ಲ.

3. ಇಲ್ಲೇ ಎಲ್ಲರೂ ಜಾರುವುದು. ಪ್ರತಿ ಅಂಕಿಯ ಮುಂದೆ ಪೆನ್ಸಿಲ್‌ನಲ್ಲಿ ‘ವರದಿ’ (ಅಂದರೆ ಬರೆದುಕೊಂಡ ಲೆಕ್ಕ) ಅಥವಾ ‘ಅಂದಾಜು’ ಎಂದು ಬರೆಯಿರಿ. 2009ರ ಹಂದಿಜ್ವರವನ್ನೇ ನೋಡಿ. ಲ್ಯಾಬ್‌ನಲ್ಲಿ ಖಚಿತವಾದ ಸಾವು ಸುಮಾರು 18,500. ಆಮೇಲೆ ಮಾಡಿದ ಅಂದಾಜು ಒಂದೂವರೆ ಲಕ್ಷದಿಂದ 5.75 ಲಕ್ಷ. ರೋಗ ಒಂದೇ, ವರ್ಷ ಒಂದೇ.

ಅಂದಾಜು ಸುಮ್ನೆ ಊಹೆಯಲ್ಲ. ಮಾಮೂಲಿ ವರ್ಷದಲ್ಲಿ ಎಷ್ಟು ಜನ ಸಾಯುತ್ತಿದ್ದರು, ಆ ವರ್ಷ ಎಷ್ಟು ಜನ ಸತ್ತರು, ಎರಡರ ನಡುವಿನ ವ್ಯತ್ಯಾಸವೇ ‘ಹೆಚ್ಚುವರಿ ಸಾವು’. ಟೆಸ್ಟ್ ಮಾಡಿಸದೆ ಮನೆಯಲ್ಲೇ ತೀರಿಕೊಂಡವರು, ಬೆಡ್ ಸಿಗದೆ ಹೋದ ಬೇರೆ ಕಾಯಿಲೆಯವರು ಎಲ್ಲ ಇದರೊಳಗೆ ಬರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2020–21ಕ್ಕೆ ಹೀಗೆ ಲೆಕ್ಕ ಹಾಕಿದಾಗ ಜಗತ್ತಿನಲ್ಲಿ 1.49 ಕೋಟಿ ಬಂತು. ಭಾರತದ ಪಾಲು 47 ಲಕ್ಷ. ನಮ್ಮ ಸರ್ಕಾರದ ಲೆಕ್ಕ ಸುಮಾರು 4.8 ಲಕ್ಷ, ಸಂಸ್ಥೆಯ ಅಂಕಿಯನ್ನು ಅದು ಒಪ್ಪಲಿಲ್ಲ. ಎರಡನ್ನೂ ಬರೆಯಿರಿ.

1918ರಲ್ಲಿ ಟೆಸ್ಟ್ ಎಲ್ಲಿತ್ತು? ಮನುಷ್ಯರ ಫ್ಲೂ ವೈರಸ್ ಸಿಕ್ಕಿದ್ದೇ 1933ರಲ್ಲಿ. ಜನಗಣತಿಯೇ ಗತಿ. ಈಗಿನ ಗಡಿಯ ಲೆಕ್ಕದಲ್ಲಿ 1911ರಲ್ಲಿ 25.2 ಕೋಟಿ ಇದ್ದ ಭಾರತ 1921ರಲ್ಲಿ 25.1 ಕೋಟಿಗೆ ಇಳಿದಿತ್ತು. ಬೆಳೆಯಬೇಕಿದ್ದ ಜನಸಂಖ್ಯೆ ಇಳಿದ ಇಂಥ ಗುರುತುಗಳಿಂದಲೇ ಭಾರತದ ಸಾವು 1.2ರಿಂದ 2 ಕೋಟಿ ಎನ್ನುವುದು. ಹಾಗಾಗಿ ಅಂದಾಜಿನ ಪಕ್ಕ ಅಂದಾಜನ್ನೇ ಇಡಿ.

4. ಕಡಿಮೆ, ಜಾಸ್ತಿ ಎರಡೂ ತುದಿ ಕೊಡಿ. 1918ಕ್ಕೆ ಜಗತ್ತಿನಲ್ಲಿ 1.7 ಕೋಟಿಯಿಂದ 5 ಕೋಟಿ, ಕೆಲವರ ಪ್ರಕಾರ 10 ಕೋಟಿ. ಸರಾಸರಿ ತೆಗೆಯುವ ಅಡ್ಡದಾರಿ ನನಗಂತೂ ಆಗದು.

5. ಆಗಿನ ಜನಸಂಖ್ಯೆಯಿಂದ ಭಾಗಿಸಿ. 1918ರಲ್ಲಿ ಜಗತ್ತಿನಲ್ಲಿ ಸುಮಾರು 180 ಕೋಟಿ ಜನ. 5 ಕೋಟಿ ಹಿಡಿದರೆ ಸಾವಿರಕ್ಕೆ 28, 1.7 ಕೋಟಿ ಹಿಡಿದರೆ 9. ಕೋವಿಡ್‌ನ 1.49 ಕೋಟಿಗೆ ಸಾವಿರಕ್ಕೆ 2. ಕಪ್ಪು ಸಾವು ಯುರೋಪಿನಲ್ಲಿ ಮೂವರಲ್ಲಿ ಒಬ್ಬರನ್ನಾದರೂ ಒಯ್ದಿತ್ತು. ಅದನ್ನು ಯುರೋಪಿನ ಜನಸಂಖ್ಯೆಯಿಂದಲೇ ಭಾಗಿಸಿ, ಇಡೀ ಜಗತ್ತಿನದರಿಂದಲ್ಲ.

6. ಕಾಲ ಬರೆಯಿರಿ. ಎಚ್‌ಐವಿಯ 4 ಕೋಟಿಗೂ ಹೆಚ್ಚು ಸಾವು ನಾಲ್ಕು ದಶಕಗಳದ್ದು.

7. ಚಿತ್ರಕ್ಕೆ ಕಂಬಗಳೇ ಸಾಕು, ವೃತ್ತಗಳು ಬೇಡ. ಅಂಕಿ ದುಪ್ಪಟ್ಟಾಯಿತೆಂದು ವೃತ್ತದ ಅಗಲ ದುಪ್ಪಟ್ಟು ಮಾಡಿದರೆ ಜಾಗ ನಾಲ್ಕು ಪಟ್ಟಾಗುತ್ತದೆ. ಅಂಗಡಿಯ ರೆಡಿಮೇಡ್ ಚಾರ್ಟ್‌ಗೆ ದುಡ್ಡು ದಂಡ, ಅದರಲ್ಲಿ ವರದಿ, ಅಂದಾಜು ಎಲ್ಲ ಕಲಸುಮೇಲೋಗರ. ಮಿನುಗು ಪುಡಿಯಂತೂ ಬೇಡವೇ ಬೇಡ.