ಗಡಿಯಾರ ನೋಡಿ ಕೊಟ್ಟ ಮಾರ್ಫಿನ್: ಅತ್ತೆಯವರ ಆರೈಕೆಯಲ್ಲಿ ನನ್ನ ಅನುಭವ

ಸ್ತನ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದ್ದ ನಮ್ಮ ಅತ್ತೆಯವರನ್ನು ಐಸಿಯುಗೆ ಸೇರಿಸದೆ, ಹಾಸ್ಪಿಸ್ (ಕೊನೆಯ ಹಂತದ ರೋಗಿಗಳ ನೋವು ತಗ್ಗಿಸಿ ನೋಡಿಕೊಳ್ಳುವ) ತಂಡದ ನೆರವಿನಿಂದ ಬೆಂಗಳೂರಿನ ನಮ್ಮ ಮನೆಯಲ್ಲೇ ಕೊನೆಯವರೆಗೂ ನೋಡಿಕೊಂಡೆವು. ಇದು ಆಗಹೋಗದ ಮಾತೆಂದು ಅಂದು ಹೇಳಿದ್ದವರೇ ಈಗ ತಮ್ಮ ಮನೆಯ ರೋಗಿಗಾಗಿ ನನ್ನ ಔಷಧದ ನೋಟ್‌ಬುಕ್ ಕೇಳಿ ಪಡೆದಿದ್ದಾರೆ, ಆದ್ದರಿಂದ ಬರೆಯುತ್ತಿದ್ದೇನೆ. ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಕ್ಯಾಥೆಟರ್ ಚೀಲ ಇವೆಲ್ಲ ಆರೈಕೆ ಮಾಡಿದವರಿಗೆ ಗೊತ್ತಿರುವ ಸಂಗತಿಗಳು.

ಮೊದಲು ಸೋತದ್ದನ್ನು ಹೇಳುತ್ತೇನೆ. ಟ್ರಮಡಾಲ್ ಎಂಬ ನೋವಿನ ಔಷಧ ಕೆಲವು ವಾರ ನಡೆಯಿತು, ಆಮೇಲೆ ವಾಂತಿಯಷ್ಟೇ ಉಳಿಯಿತು. ನೋವಿಗೆಂದು ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್ ಬೆವರಿಗೆ ಕಿತ್ತುಬರುತ್ತಿತ್ತು, ಬೆಲೆಯೂ ಮಾರ್ಫಿನ್ ಎಂಬ ಪ್ರಬಲ ನೋವುನಿವಾರಕದ ಹಲವು ಪಟ್ಟು. ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರದೊಳಗೆ ಸುಮಾರು ಎರಡು ಲಕ್ಷ ಕಟ್ಟಿ ಹೊರಬಂದಾಗ, ಮಾರ್ಫಿನ್ ಮಾತ್ರೆಯನ್ನು "ನೋವು ಬಂದಾಗ ಕೊಡಿ" ಎಂದು ಬರೆದುಕೊಟ್ಟಿದ್ದರು. ನೋವು ಬಂದ ಮೇಲೆ ಕೊಟ್ಟ ಮಾತ್ರೆ ಅದನ್ನು ಹಿಡಿಯುವಷ್ಟರಲ್ಲಿ ಅವರು ಒಂದು ಗಂಟೆ ನರಳಿರುತ್ತಿದ್ದರು.

ಆಮೇಲೆ ಮಾರತಹಳ್ಳಿಯ ಕರುಣಾಶ್ರಯ ಹಾಸ್ಪಿಸ್ಸಿಗೆ ಹೋದೆವು. ಅಲ್ಲಿ 1999ರಿಂದಲೂ ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳಿಗೆ ಆರೈಕೆ ಉಚಿತ. "ಅತ್ತಿಗೆ, ಅಮ್ಮನನ್ನು ಅಲ್ಲಿ ಬಿಟ್ಟುಬರ್ತೀರಾ?" ಎಂದು ನಾದಿನಿ ಅತ್ತಳು. ನೋವು ಹತೋಟಿಗೆ ಬಂದೊಡನೆ ಅತ್ತೆಯವರನ್ನು ಮನೆಗೆ ಕರೆತಂದ ಮೇಲೆಯೇ ಅವಳು ನನ್ನೊಡನೆ ಮಾತಾಡಿದ್ದು.

ನೋವಿಗೆ ಕಾಯದೆ ಗಡಿಯಾರ ನೋಡಿ ಮಾರ್ಫಿನ್ ಕೊಡುವ, ನಮ್ಮಲ್ಲಿ ನಡೆದ ಕ್ರಮ ಹೀಗಿತ್ತು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6ಕ್ಕೆ 10 ಮಿಲಿಗ್ರಾಂ. ರಾತ್ರಿ 10ಕ್ಕೆ ಅದರ ಎರಡರಷ್ಟು ಕೊಟ್ಟರೆ ನಡುರಾತ್ರಿ ಎಬ್ಬಿಸಬೇಕಾಗಿಲ್ಲ. ದಿನಕ್ಕೆ ಒಟ್ಟು 60 ಮಿಲಿಗ್ರಾಂ; ನಡುವೆ ನೋವು ಕೆರಳಿದರೆ ಅದರ ಆರನೇ ಒಂದು ಭಾಗ, ಅಂದರೆ ಇನ್ನೊಂದು ಮಾತ್ರೆ, ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯ ಗುರುತಿನೊಂದಿಗೆ. ದಿನಕ್ಕೆ ಎರಡು ಮೂರು ಕೆಂಪು ಗುರುತು ಬಿದ್ದರೆ ವೈದ್ಯರಿಗೆ ಫೋನು. ಪ್ರಮಾಣ ಏರಿಸುವವರು ಅವರೇ, ನಾನಲ್ಲ. ಮಾರ್ಫಿನ್ನಿನಿಂದಾಗುವ ಮಲಬದ್ಧತೆಗೆ ಬಿಸಾಕೊಡಿಲ್ ಅನ್ನು ಮೊದಲ ದಿನದಿಂದಲೇ ಕೊಡಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಚಟ ಹತ್ತುತ್ತದೆಂದು ಹೆದರಿಸಿದವರ ಎದುರಿಗೇ, ಮೂರ್ನಾಲ್ಕು ದಿನದ ಮಂಪರು ಕಳೆದ ಅತ್ತೆಯವರು ನನ್ನ ಹುಳಿಗೆ ಇಂಗು ಹೆಚ್ಚಾಯಿತೆಂದು ಆಕ್ಷೇಪಿಸಿದರು. ಬೆನ್ನಿಗೆ ಒಂದೇ ಸಲ ಕೊಟ್ಟ 8 ಗ್ರೇ ಪ್ರಮಾಣದ ವಿಕಿರಣ ಚಿಕಿತ್ಸೆಯೂ ನೆರವಾಯಿತು, ಆದರೆ ಅದರ ಫಲ ಕಾಣಲು ಹದಿನೈದು ದಿನಗಳಾದರೂ ಹಿಡಿದವು.

ಎದೆಯ ಹುಣ್ಣಿನ ವಾಸನೆಗೆ ಬೇವಿನ ನೀರು, ಕರ್ಪೂರ, ಮಂಚದ ಕೆಳಗೆ ತಟ್ಟೆ ತುಂಬ ಕಾಫಿಪುಡಿ ಎಲ್ಲವನ್ನೂ ನೋಡಿದೆ. ಕಾಫಿಪುಡಿ ಸ್ವಲ್ಪ ಕೆಲಸ ಮಾಡಿತು. ನರ್ಸ್ ಹೇಳಿದಂತೆ ಮೆಟ್ರೋನಿಡಜೋಲ್ ಎಂಬ ಆಂಟಿಬಯಾಟಿಕ್ ಮಾತ್ರೆಯನ್ನು ನುಣ್ಣಗೆ ಅರೆದು ಹುಣ್ಣಿಗೆ ಉದುರಿಸಿದ ಮೇಲೆ ವಾಸನೆ ಪೂರ್ತಿ ತಗ್ಗಿತು. ಹುಣ್ಣಿಗೆ ಅಂಟಿದ ಗಾಜ್ ಬಟ್ಟೆಯನ್ನು ಸಲೈನಿನಲ್ಲಿ (ಉಪ್ಪುನೀರಿನಲ್ಲಿ) ನೆನೆಸಿ ತೆಗೆಯುವುದು ಎಲ್ಲರಿಗೂ ಗೊತ್ತು. ಅದು ಅಂಟದಂತೆಯೇ ಮಾಡುವ ಒಂದು ಉಪಾಯವೂ ನನ್ನಲ್ಲಿದೆ, ಅದನ್ನು ಬಂದು ಕೇಳಿದವರಿಗೆ ಕೈಯಲ್ಲಿ ಮಾಡಿ ತೋರಿಸುತ್ತೇನೆ.

ಏರ್‌ಬೆಡ್‌ಗೆ ನಾಲ್ಕು ಸಾವಿರ, ರಾತ್ರಿಯ ಆಯಾಗೆ ದಿನಕ್ಕೆ ಒಂಬೈನೂರರ ಆಸುಪಾಸು. ಗಾಳಿಯಿಂದ ಆಮ್ಲಜನಕ ಒದಗಿಸುವ ಯಂತ್ರವಾದ ಕಾನ್ಸಂಟ್ರೇಟರ್‌ಗೆ ತಿಂಗಳಿಗೆ ಐದು ಸಾವಿರ ಬಾಡಿಗೆ ಕೊಟ್ಟದ್ದು ದಂಡ: ಅವರ ಆಮ್ಲಜನಕದ ಮಟ್ಟ ಸರಿಯಾಗಿಯೇ ಇದ್ದುದರಿಂದ, ಏದುಸಿರಿಗೆ ಮುಖದ ಮೇಲೆ ಬೀಸುವ ಟೇಬಲ್ ಫ್ಯಾನು ಮತ್ತು ಅದೇ ಮಾರ್ಫಿನ್ ಸಾಕಾದವು. ಮನೆಯ ಆರೈಕೆಗೆ ಎಲ್ಲ ಸೇರಿ ಮೂರ್ನಾಲ್ಕು ತಿಂಗಳಿಗೆ ಒಂದೂಕಾಲು ಲಕ್ಷ ದಾಟಲಿಲ್ಲ, ವಿಮೆಯವರು ಅದರಲ್ಲಿ ಬಿಡಿಗಾಸನ್ನೂ ಕೊಡಲಿಲ್ಲ.

ವೆಂಟಿಲೇಟರ್ ಬೇಡವೆಂಬ ಮುಂಗಡ ಸೂಚನಾ ಪತ್ರವನ್ನು ಅತ್ತೆಯವರೇ ಬರೆಸಿದ್ದರು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಈ ಪತ್ರಕ್ಕೆ ಮೊದಲು ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು; 2023ರ ಬದಲಾವಣೆಯ ನಂತರ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿ ಸಾಕು. ಕೊನೆಯ ರಾತ್ರಿ ಗಂಟಲು ಗೊರಗೊರ ಎಂದಾಗ ಮೈದುನ ಆಂಬ್ಯುಲೆನ್ಸಿಗೆ ಫೋನು ಎತ್ತಿದ್ದ. ಈ ಪತ್ರವನ್ನು ಕೈಗಿಟ್ಟೆ. ಅತ್ತೆಯವರನ್ನು ಮಗ್ಗುಲಿಗೆ ಹೊರಳಿಸಿ, ನರ್ಸ್ ಮೊದಲೇ ಚರ್ಮದಡಿ ಕೂರಿಸಿದ್ದ ಬಟರ್‌ಫ್ಲೈ ಸೂಜಿಯಲ್ಲಿ ಆ ನರ್ಸೇ ಫೋನಿನಲ್ಲಿ ಹೇಳಿದಂತೆ ಗಂಟಲ ಸ್ರಾವ ತಗ್ಗಿಸುವ ಗ್ಲೈಕೊಪೈರೊಲೇಟ್ ಕೊಟ್ಟಾಗ ಸದ್ದು ತಗ್ಗಿತು.

ಮನೆಯಲ್ಲಿ ಸಾವಾದರೆ ಕಾರಣದ ಪ್ರಮಾಣಪತ್ರಕ್ಕೆ ಸಹಿ ಮಾಡುವ ವೈದ್ಯರು ಯಾರೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಉಳಿದ ಮಾರ್ಫಿನ್ನನ್ನು ಎಣಿಸಿ ತಂಡಕ್ಕೆ ಹಿಂದಿರುಗಿಸಿ ರಸೀದಿ ಪಡೆದೆ, ಅದೂ ನೋಟ್‌ಬುಕ್ಕಿನಲ್ಲಿದೆ.