ಬೆಕ್ಕಿಗೆ ನೀರು ಸಾಲದಾಗದಂತೆ ದಿನಚರಿ ರೂಪಿಸುವುದು ಹೇಗೆ?

ಬಟ್ಟಲು ತುಂಬಿಟ್ಟರೆ ಬಾಯಾರಿದಾಗ ಬೆಕ್ಕು ತಾನೇ ಕುಡಿಯುತ್ತದೆ ಎಂದು ನಂಬಿದವರೇ ಹೆಚ್ಚು. ಆದರೆ ಒಣನಾಡಿನ ಆಫ್ರಿಕನ್ ಕಾಡುಬೆಕ್ಕಿನ ವಂಶದ ಈ ಪ್ರಾಣಿ ಮೊದಲಿನಿಂದಲೂ ಬೇಟೆಯ ಮಾಂಸದಿಂದಲೇ ಬಹುಪಾಲು ನೀರನ್ನು ಪಡೆಯುತ್ತಿದ್ದುದರಿಂದ ಅದಕ್ಕೆ ಬಾಯಾರಿಕೆ ತೀರ ಕಡಿಮೆ. ಆದ್ದರಿಂದ ನೀರನ್ನು ಮುಖ್ಯವಾಗಿ ಊಟದ ಜೊತೆಗೇ ಹೊಟ್ಟೆಗೆ ಸೇರಿಸಬೇಕು.

ಮೊದಲು ಲೆಕ್ಕ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 50 ಮಿಲಿಲೀಟರ್‌ನಂತೆ, 4 ಕಿಲೋ ತೂಗುವ ಬೆಕ್ಕಿಗೆ ಆಹಾರದ ತೇವವೂ ಸೇರಿ 200 ಮಿಲಿಲೀಟರ್ ಬೇಕು. ಡ್ರೈ ಫುಡ್‌ನಲ್ಲಿ, ಅಂದರೆ ಕಾಳಿನಂತಿರುವ ಒಣ ಸಿದ್ಧ ಆಹಾರದಲ್ಲಿ, ನೀರಿನ ಅಂಶ ಶೇ 10ರ ಆಸುಪಾಸಿನಲ್ಲಿದ್ದರೆ ಪೊಟ್ಟಣದಲ್ಲಿ ಬರುವ ತೇವದ ಊಟವಾದ ವೆಟ್ ಫುಡ್‌ನಲ್ಲಿ ಶೇ 75ಕ್ಕೂ ಹೆಚ್ಚಿರುತ್ತದೆ.

ಎರಡನೆಯದು ಬಟ್ಟಲು. ಅಗಲ ಬಾಯಿಯ ಸ್ಟೀಲ್ ಅಥವಾ ಪಿಂಗಾಣಿ ಬಟ್ಟಲುಗಳನ್ನು ಮಲಮೂತ್ರದ ಟ್ರೇಯಿಂದ ದೂರದಲ್ಲಿ ಎರಡು ಮೂರು ಕಡೆ ಇಟ್ಟು, ಬೆಳಿಗ್ಗೆ ಸಂಜೆ ತೊಳೆದು ನೀರು ಬದಲಿಸಿ. ಊಟಕ್ಕೂ ನೀರಿಗೂ ಒಂದೇ ಎಂಬಂತೆ ಅಂಟಿಸಿದ ಪ್ಲಾಸ್ಟಿಕ್ ಜೋಡಿ ಬಟ್ಟಲನ್ನು ಅಂಗಡಿಯವರು ಎಷ್ಟೇ ಹೊಗಳಿದರೂ ಕೊಳ್ಳಬೇಡಿ. ಅದರ ನೀರಿನಲ್ಲಿ ಸದಾ ಆಹಾರದ ಚೂರುಗಳು ತೇಲುತ್ತಿರುತ್ತವೆ.

ಮೂರನೆಯದು ಡ್ರೈ ಫುಡ್‌ನಿಂದ ವೆಟ್ ಫುಡ್‌ಗೆ ಬದಲಿಸುವುದು. ಈ ಹಂತದಲ್ಲೇ ಹೆಚ್ಚಿನವರು ಎಡವುವುದು. ಡ್ರೈ ಫುಡ್‌ಗೆ ಒಗ್ಗಿದ ಬೆಕ್ಕಿನ ಮುಂದೆ ಒಂದೇ ದಿನದಲ್ಲಿ ತೇವದ ಊಟವನ್ನಿಟ್ಟು, ಅದು ಮೂಸಿ ಹೋದರೆ ‘ಹಸಿದಾಗ ತಿನ್ನುತ್ತದೆ ಬಿಡಿ’ ಎಂದು ಕಾಯುತ್ತಾರೆ. ಎರಡು ಮೂರು ದಿನ ಉಪವಾಸವಿದ್ದರೆ, ಅದರಲ್ಲೂ ದಪ್ಪನೆಯ ಬೆಕ್ಕಾದರೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯವಾಗಬಹುದು. ಮೊದಲ ಕೆಲವು ದಿನ ಹಳೆಯ ಊಟವನ್ನು ಹಾಗೆಯೇ ಕೊಟ್ಟು, ತಟ್ಟೆಯ ಅಂಚಿನಲ್ಲಿ ಮಾತ್ರ ಒಂದು ಟೀ ಚಮಚ ವೆಟ್ ಫುಡ್ ಇಡಿ, ಎರಡನ್ನೂ ಕಲಸಬೇಡಿ. ಫ್ರಿಜ್‌ನಿಂದ ತೆಗೆದದ್ದಕ್ಕೆ ವಾಸನೆಯೇ ಇರುವುದಿಲ್ಲವಾದ್ದರಿಂದ ಪೊಟ್ಟಣವನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ. ಬೆಕ್ಕು ನೆಕ್ಕಲು ತೊಡಗಿದ ಮೇಲೆ ಎರಡು ದಿನಕ್ಕೊಮ್ಮೆ ಚಮಚ ಹೆಚ್ಚಿಸಿ, ಹಳೆಯದನ್ನು ಅಷ್ಟೇ ಇಳಿಸುತ್ತ ಬನ್ನಿ. ತೇವದ ಊಟ ರೂಢಿಯಾದ ನಂತರವೇ ಅದಕ್ಕೆ ಬೆಚ್ಚಗಿನ ನೀರನ್ನು ಚಮಚ ಚಮಚವಾಗಿ ಬೆರೆಸಿ, ತೆಳ್ಳಗಿನ ಗೊಜ್ಜಿನ ಹದಕ್ಕೆ ತನ್ನಿ. ಯಾವ ಹಂತದಲ್ಲಾದರೂ ಇಡೀ ದಿನ ತಿನ್ನದಿದ್ದರೆ ಹಳೆಯ ಊಟಕ್ಕೆ ಮರಳಿ, ಪಶುವೈದ್ಯರಿಗೆ ತಿಳಿಸಿ.

ಅಡ್ಡದಾರಿಗಳು ಬೇಡ. ಹಾಲು ನೀರಿಗೆ ಬದಲಿಯಲ್ಲ; ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಅದರಿಂದ ಭೇದಿಯಾಗಿ, ಇದ್ದ ನೀರೂ ಹೊರಹೋಗುತ್ತದೆ. ಕೋಳಿ ಬೇಯಿಸಿದ ನೀರನ್ನು ಕೊಡಬಹುದು, ಆದರೆ ಅದಕ್ಕೆ ಉಪ್ಪು ಹಾಕಿರಬಾರದು. ಈರುಳ್ಳಿ, ಬೆಳ್ಳುಳ್ಳಿಯಂತೂ ಬೆಕ್ಕಿಗೆ ವಿಷ. ಸಿರಿಂಜ್‌ನಿಂದ ಬಲವಂತವಾಗಿ ಕುಡಿಸಿದರೆ ನೀರು ಶ್ವಾಸಕೋಶಕ್ಕೆ ಹೋಗಬಹುದು. ನೀರು ಸದಾ ಹರಿಯುತ್ತಿರುವಂತೆ ಮಾಡುವ ವಿದ್ಯುತ್ ಕಾರಂಜಿಯನ್ನು ಕೆಲವು ಬೆಕ್ಕುಗಳು ಮೆಚ್ಚುತ್ತವೆಯಾದರೂ ಫಿಲ್ಟರ್ ತೊಳೆಯುವ ಶ್ರದ್ಧೆಯಿಲ್ಲದವರು ಅದಕ್ಕೆ ಹಣ ಸುರಿಯಬಾರದು.

ಕೊನೆಯದಾಗಿ, ಟ್ರೇಯನ್ನು ದಿನವೂ ಗಮನಿಸಿ. ಮರಳಿನಲ್ಲಿ ಮೂತ್ರದ ಗಡ್ಡೆಗಳು ಇದ್ದಕ್ಕಿದ್ದಂತೆ ದೊಡ್ಡದಾಗಿ, ಬೆಕ್ಕು ನೀರಿನ ಬಟ್ಟಲನ್ನೇ ಬಿಡದಿದ್ದರೆ ಮೂತ್ರಪಿಂಡದ ಕಾಯಿಲೆ ಅಥವಾ ಮಧುಮೇಹವಿರಬಹುದು, ಪರೀಕ್ಷೆ ಮಾಡಿಸಿ. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಯಲ್ಲಿ ಕುಳಿತು ತಿಣುಕಿದರೂ ಮೂತ್ರ ಬಾರದಿದ್ದರೆ ನೀರು ಕುಡಿಸುತ್ತ ಕೂರದೆ, ಮರುದಿನಕ್ಕೆ ಕಾಯದೆ, ಆ ಹೊತ್ತಿಗೇ ಪಶುವೈದ್ಯರ ಬಳಿಗೆ ಕೊಂಡೊಯ್ಯಬೇಕು.