ಪೇಪರ್ ಹಾಸಿ ಕೋಲ್ಡ್ ಪೈರೋ ಬಿಟ್ಟ ಕಥೆ

"ಏನ್ರೀ, ಮದುವೆ ಮಾಡಿಸೋಕೆ ಬಂದಿದ್ದೀರೋ, ಮಂಟಪ ಸುಡೋಕೋ?"

ದಾವಣಗೆರೆಯ ಒಂದು ಕಲ್ಯಾಣ ಮಂಟಪದ ಮ್ಯಾನೇಜರ್ ನನ್ನ ಕೋಲ್ಡ್ ಪೈರೋ, ಅಂದರೆ ಸ್ಟೇಜ್ ಮೇಲೆ ಕಿಡಿಯ ಕಾರಂಜಿ ಹಾರಿಸೋ ಮಷಿನ್, ನೋಡಿದ ಕೂಡಲೇ ಹೀಗಂದರು. ಅವರನ್ನೂ ತಪ್ಪು ಅನ್ನೋಕಾಗಲ್ಲ. 2025ರ ಡಿಸೆಂಬರಿನಲ್ಲಿ ಗೋವಾದ ಅರ್ಪೋರಾದಲ್ಲಿ ಕ್ಲಬ್ಬಿಗೆ ಬೆಂಕಿ ಬಿದ್ದು 25 ಜನ ಸತ್ತ ಮೇಲೆ, ಕಿಡಿ ಅಂದರೆ ಸಾಕು, ಎಲ್ಲರೂ ಬಾಗಿಲು ಹಾಕ್ತಿದ್ದರು. ಇದರಲ್ಲಿ ಮದ್ದಿಲ್ಲ ಸಾರ್, ಟೈಟಾನಿಯಂ-ಜಿರ್ಕೋನಿಯಂ ಪುಡಿ ಕಾಯಿಸಿ ಊದೋದು ಅಷ್ಟೇ ಅಂದರೂ ಕೇಳಲಿಲ್ಲ. ಈಗ ಅದೇ ಮಂಟಪದಲ್ಲಿ ಏಳೆಂಟು ಆರತಕ್ಷತೆ ಮುಗಿಸಿದ್ದೇನೆ.

"ಕೋಲ್ಡ್" ಅನ್ನೋ ಹೆಸರನ್ನು ಮೊದಮೊದಲು ನಾನೂ ನಂಬಿದ್ದೆ. ಮೇಲೆ ಕಿಡಿಗೆ ಕೈ ಒಡ್ಡಿದರೆ ಏನೂ ಆಗಲ್ಲ. ಕಾಳು ಸಣ್ಣದು, ಬೇಗ ಆರುತ್ತೆ. ಆದರೆ ಮಷಿನ್ ಬಾಯಿ ಹತ್ತಿರ ಬೆಂಕಿ ಬೆಂಕಿಯೇ. ಸೆಕೆಂಡ್‌ಹ್ಯಾಂಡ್ ಜೋಡಿ ಮಷಿನ್‌ಗೆ ಮೂವತ್ತೆಂಟು ಸಾವಿರ ಕೊಟ್ಟಿದ್ದೆ. ಮಳೆಗಾಲದಲ್ಲಿ ರಾಣೆಬೆನ್ನೂರಿನ ಮದುವೆಗೆ ಒಯ್ದೆ. ಒಡೆದ ಪೌಡರ್ ಪ್ಯಾಕೆಟ್ ರಾತ್ರಿಯೆಲ್ಲ ವ್ಯಾನಿನಲ್ಲೇ ಇತ್ತು, ಥಂಡಿ ಹಿಡಿದಿತ್ತು. ಜೋಡಿ ಸ್ಟೇಜ್ ಹತ್ತುವಾಗ ಮಷಿನ್ ಕೆಮ್ಮಿತು, ನಿಂತಿತು, ಆಮೇಲೆ ಹೆಸರುಕಾಳಿನಷ್ಟು ಕೆಂಪು ಗಡ್ಡೆಯೊಂದನ್ನು ಉಗುಳಿತು. ಮದುಮಗಳ ಚಪ್ಪಲಿ ಮುಂದೆಯೇ ಕಾರ್ಪೆಟ್ಟಿನಲ್ಲಿ ರೂಪಾಯಿ ಅಗಲದ ತೂತು! ನಮ್ಮ ಹುಡುಗ ನೀರಿನ ಬಾಟಲಿ ಹಿಡಿದು ಓಡಿ ಬಂದ. ಗದರಿ ನಿಲ್ಲಿಸಿದೆ. ಉರಿಯೋ ಲೋಹದ ಪುಡಿಗೆ ನೀರು ಬಿದ್ದರೆ ಇನ್ನೂ ಸಿಡಿಯುತ್ತೆ, ಒಣ ಮರಳೇ ಗತಿ. ಅವತ್ತು ಮರಳೇ ಇರಲಿಲ್ಲ! ಡೆಕೋರೇಶನ್‌ನವರು ಆರು ಸಾವಿರ ಹಿಡಿದುಕೊಂಡರು. ಆ ಹುಡುಗ ಈಗಲೂ ಜೊತೆಗಿದ್ದಾನೆ. ಮರಳಿನ ಬಕೆಟ್ ಅವನ ಜವಾಬ್ದಾರಿ.

ಆಮೇಲೆ ದುಡ್ಡು ಉಳಿಸೋಕೆ ಅರ್ಧ ರೇಟಿನ ಪೌಡರ್ ತಂದೆ. ಕಾಳು ದಪ್ಪ. ದಪ್ಪ ಕಾಳು ಗಾಳಿಯಲ್ಲಿ ಆರಲ್ಲ, ಕೆಂಪಗೇ ನೆಲಕ್ಕೆ ಬರುತ್ತೆ. ಅದನ್ನು ಕಂಡಾಗಲೇ ಪೇಪರ್ ಉಪಾಯ ಹೊಳೆದಿದ್ದು.

ನಾವೆಲ್ಲ ಕಿಡಿ ಎಷ್ಟು ಎತ್ತರ ಹೋಯ್ತು ಅಂತ ಮೇಲೆ ನೋಡ್ತೀವಿ ಅಲ್ವಾ? ನಾನು ನೆಲ ನೋಡೋಕೆ ಶುರು ಮಾಡಿದೆ. ಹಿಂದಿನ ರಾತ್ರಿ ಹಾಲ್ ಖಾಲಿಯಾದ ಮೇಲೆ ಮಷಿನ್ ಸುತ್ತ ಹತ್ತು ಹನ್ನೆರಡು ಅಡಿ ಹಳೇ ಪೇಪರ್ ಹಾಸ್ತೀನಿ. ಅಲ್ಲಲ್ಲಿ ಹತ್ತಿ ಉಂಡೆ. ಎಲ್ಲಾ ಫ್ಯಾನ್ ಆನ್. ಇಪ್ಪತ್ತು ಸೆಕೆಂಡಿನಂತೆ ಎರಡು ಸಲ ಬಿಟ್ಟು, ಟಾರ್ಚ್ ಹಿಡಿದು ಕಿಡಿ ಬಿದ್ದು ಸುಟ್ಟ ಕಂದು ಚುಕ್ಕಿ ಎಣಿಸ್ತೀನಿ. ದಾವಣಗೆರೆಯ ಆ ಮ್ಯಾನೇಜರ್ ಎದುರು ಮಾಡಿದಾಗ ಫ್ಯಾನ್ ಗಾಳಿಗೆ ಚುಕ್ಕಿಗಳು ಒಂದೇ ಕಡೆ, ಸೋಫಾ ಹಿಂದಿನ ನೆಟ್ ಬಟ್ಟೆ ಕಡೆಗೆ, ನಾಲ್ಕೈದು ಅಡಿ ಜಾಸ್ತಿ ಹೋಗಿದ್ದವು. ಫ್ಯಾನ್ ಇಲ್ಲದೆ ನೋಡಿದ್ದರೆ ಗೊತ್ತೇ ಆಗ್ತಿರಲಿಲ್ಲ. ಮಷಿನ್ ಸರಿಸಿದೆ, ಕಿಡಿಯ ಎತ್ತರ ಏಳೆಂಟು ಅಡಿಗೆ ಇಳಿಸಿದೆ, ಮತ್ತೆ ಪೇಪರ್ ಹಾಸಿದೆ. ಈ ಸಲ ಬಟ್ಟೆ ಕಡೆ ಚುಕ್ಕಿ ಇಲ್ಲ. ಅವರು ಪೇಪರ್ ಮಡಚಿ ಟೇಬಲ್ ಡ್ರಾನಲ್ಲಿ ಇಟ್ಟುಕೊಂಡರು.

ಪರವಾನಗಿಗೂ ಓಡಾಡಿದ್ದೇನೆ. ಒಂದು ಕಚೇರಿಯಲ್ಲಿ "ಪಟಾಕಿ ಅಲ್ಲ ಅಂದ್ರೆ ನಮ್ಮದಲ್ಲ" ಅಂದರು, ಇನ್ನೊಂದರಲ್ಲಿ "ಕಿಡಿ ಬರುತ್ತಲ್ಲ, ಪಟಾಕಿನೇ" ಅಂದರು. 1884ರ ಸ್ಫೋಟಕ ಕಾಯ್ದೆ ಬರೆದವರ ಕಣ್ಣಿಗೆ ಈ ಮಷಿನ್ ಎಲ್ಲಿಂದ ಬೀಳಬೇಕು! ಈಗ ಮಂಟಪದವರ ಒಪ್ಪಿಗೆ ಬರಹದಲ್ಲಿ ತಗೋತೀನಿ, ಅದರ ಒಂದು ಪ್ರತಿ ಅಗ್ನಿಶಾಮಕ ಠಾಣೆಗೆ ಕೊಟ್ಟು ಸೀಲ್ ಹಾಕಿಸ್ತೀನಿ.

ನಡುವೆ ಇನ್ನೊಂದು ಹುಚ್ಚು. ಬಟ್ಟೆಗೆ ಬೆಂಕಿ ಹತ್ತದಿರಲಿ ಅಂತ ಬೋರಾಕ್ಸ್, ಬೋರಿಕ್ ಪುಡಿ ಕಲಸಿದ ನೀರಿನಲ್ಲಿ ಅದ್ದಿ ಒಣಗಿಸಿದೆ. ಕಾಟನ್ ಕಪ್ಪಾಯ್ತೇ ಹೊರತು ಹೊತ್ತಲಿಲ್ಲ. ಪಾಲಿಯೆಸ್ಟರ್ ನೆಟ್‌ಗೆ ಮಾತ್ರ ಹಿಡಿಯಲೇ ಇಲ್ಲ. ಮನೆಯ ಎರಡು ಬೆಡ್‌ಶೀಟ್ ಹೋದವು, ಬೈಗುಳ ಬೇರೆ. ಅಳತೆ ಹೇಳಲ್ಲ, ನೀವೂ ಎರಡು ಬೆಡ್‌ಶೀಟ್ ಸುಡಿ. ಪೌಡರ್ ಡಬ್ಬಿಯಲ್ಲಿ ಥಂಡಿ ಹಿಡಿಯದಂತೆ ಏನು ಹಾಕ್ತೀನಿ ಅನ್ನೋದನ್ನೂ ಕೇಳಬೇಡಿ.

ಒಂದನ್ನು ಮಾತ್ರ ಹೇಳಿಬಿಡ್ತೀನಿ. ಮೇನ್ ಸ್ವಿಚ್ ಹತ್ತಿರ ನಿಲ್ಲೋ ಹುಡುಗನ ಫೋನ್ ಮೊದಲು ಕಿತ್ತುಕೊಳ್ಳಿ. ಕಿಡಿ ಹಾರಿದ ಕೂಡಲೇ ಮಕ್ಕಳು ಹಿಡಿಯೋಕೆ ಓಡ್ತಾರೆ, ಇವನು ವಿಡಿಯೋ ಮಾಡ್ತಾ ನಿಂತಿರ್ತಾನೆ.

ಮೊನ್ನೆ ಅದೇ ಮ್ಯಾನೇಜರ್ ಫೋನ್ ಮಾಡಿದ್ದರು. ಮಗನ ಮದುವೆಯಂತೆ, ಆರು ಮಷಿನ್ ಬೇಕಂತೆ. ಆ ಸ್ಟೇಜಿಗೆ ನಾಲ್ಕರ ಮೇಲೆ ಇಡಲ್ಲ ಅಂದೆ. ಇನ್ನೂ ಚೌಕಾಶಿ ನಡೀತಿದೆ.